ಎಥನಾಲ್ ಫ್ಯಾಕ್ಟರಿ ಮಾತು ಆಮೇಲೆ, ಮೊದ್ಲು ಕಬ್ಬು ಯಾವುದು ಹೇಳಿ

ಕಬ್ಬಿನ ತಳಿಯ ಹೆಸರಲ್ಲಿ ಒಂದು ನಂಬರ್ ಇರ್ತದಲ್ಲ, ಅದನ್ನು ಓದ್ಲಿಕ್ಕೆ ಗೊತ್ತಿದ್ರೆ ಅರ್ಧ ಕತೆ ಅಲ್ಲೇ ಸಿಗ್ತದೆ. ಕೋ 86032 ತಗೊಳ್ಳಿ. ಕೋ ಅಂದ್ರೆ ಕೊಯಮತ್ತೂರು, 86 ಅಂದ್ರೆ 1986, ಉಳಿದದ್ದು ಆ ವರ್ಷದ ಕ್ರಮಸಂಖ್ಯೆ. ಸಾವಿರಗಟ್ಟಲೆ ಸಸಿಗಳ ಮಧ್ಯದಿಂದ ಆರಿಸಿ ಇದಕ್ಕೆ ನಂಬರ್ ಕೊಟ್ಟದ್ದು 1986ರಲ್ಲಿ, ಅಧಿಕೃತವಾಗಿ ಬಿಡುಗಡೆ ಆದದ್ದು 2000ದಲ್ಲಿ. ನಡುವೆ 14 ವರ್ಷ. ಅದಕ್ಕಿಂತ ಮೊದಲು ಕ್ರಾಸ್ ಮಾಡಿ, ಬೀಜ ಮೊಳಕೆ ಬರಿಸಿ, ಸಸಿ ನೋಡಿದ ವರ್ಷಗಳು ಬೇರೆ. ಇವತ್ತು ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡಿನ ಗದ್ದೆಗಳಲ್ಲಿ ಅತಿ ಹೆಚ್ಚು ಕಾಣುವ ತಳಿಗಳಲ್ಲಿ ಇದೊಂದು, ಅಂದ್ರೆ ನಾವು ಬೆಳಿಗ್ಗೆ ಚಾಯಕ್ಕೆ ಹಾಕುವ ಸಕ್ಕರೆಯ ಹಿಂದೆ ನಲ್ವತ್ತು ವರ್ಷದ ಹಿಂದೆ ಯಾರೋ ಒಬ್ರು ಗದ್ದೆಯಲ್ಲಿ ನಿಂತು ತಗೊಂಡ ತೀರ್ಮಾನ ಉಂಟು.

ಇದನ್ನು ಈಗ ಬರೀಲಿಕ್ಕೆ ಕಾರಣ ಎಂತ ಅಂದ್ರೆ, ನಮ್ಮ ಉಡುಪಿ ಕಡೆ ಮದುವೆ, ಗೃಹಪ್ರವೇಶ, ಕಂಬಳ, ಎಲ್ಲಿ ನಾಲ್ಕು ಕೃಷಿಕರು ಒಟ್ಟಾದ್ರೂ ಎಥನಾಲ್ ಮಾತು ಬಂದೇ ಬರ್ತದೆ. ಪೆಟ್ರೋಲಿಗೆ ಶೇಕಡಾ 20 ಎಥನಾಲ್ ಸೇರಿಸ್ತಾರಂತೆ, ಕಬ್ಬು ಬೆಳೆದ್ರೆ ಚಿನ್ನ ಅಂತೆ, ಇಲ್ಲೇ ಒಂದು ಫ್ಯಾಕ್ಟರಿ ಆದ್ರೆ ಹಡಿಲು ಬಿದ್ದ ಗದ್ದೆಗೆಲ್ಲ ಜೀವ ಬರ್ತದಂತೆ. ಬ್ರಹ್ಮಾವರದ ಸಹಕಾರಿ ಸಕ್ಕರೆ ಕಾರ್ಖಾನೆ ನಿಂತು ಎಷ್ಟೋ ವರ್ಷ ಆಯ್ತು, ಅದು ಓಡ್ತಿದ್ದ ಕಾಲಕ್ಕೆ ಕಬ್ಬು ಹಾಕಿದ್ದ ಮನೆಗಳಲ್ಲಿ ಬಾರ್ಕೂರು ಹತ್ರದ ನಮ್ಮ ಅಜ್ಜನ ಮನೆಯೂ ಒಂದು, ಈಗ ಅಲ್ಲಿ ಮಾವ ಮಳೆಗಾಲದಲ್ಲಿ ಭತ್ತ, ಆಮೇಲೆ ಉದ್ದು, ಬೇಸಿಗೆಗೆ ಸ್ವಲ್ಪ ತರಕಾರಿ ಮಾಡ್ತಾರೆ. ಚರ್ಚೆ ಯಾವಾಗ್ಲೂ ದುಡ್ಡು, ಜಾಗ, ಯಾವ ಪಕ್ಷದವರು ಎಂತ ಹೇಳಿದ್ರು ಅನ್ನುವಲ್ಲೇ ಸುತ್ತುತ್ತದೆ. ಮಾವ ಒಬ್ರೇ ಒಂದು ಸಲ ಕೇಳಿದ್ರು, "ಫ್ಯಾಕ್ಟರಿ ಮಾಡ್ಲಿ ಮಗಾ, ಬೇಡ ಹೇಳುವವ ಯಾರಿಲ್ಲ. ಆದ್ರೆ ಆಟಿ ತಿಂಗಳ ಮಳೆಗೆ ನೀರು ನಿಂತ ಗದ್ದೆಲಿ ಬರುವ ಕಬ್ಬು ಯಾವುದು ಅಂತ ಯಾರಾದ್ರೂ ಹೇಳಿದ್ರಾ?" ಅಂತ. ಆಟಿ ಅಂದ್ರೆ ನಮ್ಮಲ್ಲಿ ಜುಲೈ ಆಗಸ್ಟಿನ ಜೋರು ಮಳೆಯ ತಿಂಗಳು. ಆ ಪ್ರಶ್ನೆ ನನ್ನ ತಲೆಯಿಂದ ಹೋಗ್ಲೇ ಇಲ್ಲ, ಹಾಗಾಗಿ ನಾನು ಓದಿ ತಿಳ್ಕೊಂಡದ್ದನ್ನು ಎಲ್ಲ ಇಲ್ಲಿ ಹಾಕ್ತಾ ಇದ್ದೇನೆ, ಸ್ವಲ್ಪ ಉದ್ದ ಆಗ್ತದೆ.

ಮೊದಲು ತಳಿ ಹೇಗೆ ಹುಟ್ತದೆ ಅಂತ. ನಾವು ಗದ್ದೆಗೆ ಹಾಕುವುದು ಕಬ್ಬಿನ ತುಂಡು, ಗಿಣ್ಣಿನ ಕಣ್ಣಿಂದ ಮೊಳಕೆ ಬರ್ತದೆ. ಹಾಗಾಗಿ ಒಂದು ತಳಿ ಅಂದ್ರೆ ಲಕ್ಷ ಎಕರೆಯಲ್ಲಿದ್ರೂ ಅದು ಒಂದೇ ಗಿಡ, ಅದೇ ಗಿಡವನ್ನು ತುಂಡು ಮಾಡಿ ಮಾಡಿ ನೆಟ್ಟದ್ದು. ಭತ್ತ ಹಾಗಲ್ಲ, ಎಂಓ4 ಅನ್ನುವ ಭತ್ತದ ತಳಿಯ ಬೀಜ ಹಾಕಿದ್ರೆ ಎಂಓ4 ಬರ್ತದೆ, ಯಾಕಂದ್ರೆ ಭತ್ತದ ಹೂ ತನ್ನಲ್ಲೇ ಪರಾಗಸ್ಪರ್ಶ ಮಾಡ್ಕೊಳ್ತದೆ. ಕಬ್ಬಿನ ಬೀಜ ಹಾಕಿದ್ರೆ ಒಂದೊಂದು ಬೀಜದಿಂದ ಒಂದೊಂದು ಜಾತಿ, ಅಪ್ಪನ ಹಾಗೂ ಇಲ್ಲ ಅಮ್ಮನ ಹಾಗೂ ಇಲ್ಲ. ರೈತನಿಗೆ ಅದು ತೊಂದರೆ, ತಳಿ ಮಾಡುವವರಿಗೆ ಅದೇ ಬಂಡವಾಳ.

ಆದ್ರೆ ಬೀಜ ಬೇಕಾದ್ರೆ ಕಬ್ಬು ಹೂ ಬಿಡ್ಬೇಕಲ್ಲ. ಹಗಲು ಸುಮಾರು ಹನ್ನೆರಡೂವರೆ ಗಂಟೆ ಇರ್ಬೇಕು, ರಾತ್ರಿ ತುಂಬ ಚಳಿ ಇರ್ಬಾರ್ದು, ಮಣ್ಣಲ್ಲಿ ತೇವ ಬೇಕು, ಇಷ್ಟೆಲ್ಲ ಕೂಡಿದ್ರೆ ಗರಿಯಂಥ ಹೂ ಮೇಲೆ ಬರ್ತದೆ. ಉತ್ತರ ಭಾರತದಲ್ಲಿ ಹೂ ಬರುವುದೇ ಕಷ್ಟ, ಬಂದ್ರೂ ಚಳಿಗೆ ಪರಾಗ ಕೆಲಸ ಮಾಡುವುದಿಲ್ಲ. ಕೊಯಮತ್ತೂರಿನಲ್ಲಿ ಚೆನ್ನಾಗಿ ಹೂ ಬರ್ತದೆ, ಅದಕ್ಕೇ 1912ರಲ್ಲಿ ಕಬ್ಬಿನ ತಳಿ ಕೇಂದ್ರವನ್ನು ಅಲ್ಲೇ ಶುರು ಮಾಡಿದ್ದು. ಕಬ್ಬಿನ ಬೀಜ ಮೊಳೆಯುತ್ತದೆ ಅಂತ ವಿಜ್ಞಾನಿಗಳಿಗೆ ಖಚಿತ ಆದದ್ದೇ 1880ರ ದಶಕದ ಕೊನೆಗೆ, ಜಾವಾ ಮತ್ತು ಬಾರ್ಬಡೋಸಲ್ಲಿ. ಸಾವಿರಾರು ವರ್ಷ ಬೆಳೆದ ಬೆಳೆ, ಅದರ ಬೀಜದ ಬಗ್ಗೆ ಮನುಷ್ಯನಿಗೆ ಗೊತ್ತಾಗಿ ಒಂದೂವರೆ ಶತಮಾನವೂ ಆಗ್ಲಿಲ್ಲ.

ಕೊಯಮತ್ತೂರಿನ ಆ ಕೇಂದ್ರದಲ್ಲಿ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅನ್ನುವ ವಿಜ್ಞಾನಿಗಳು ಮಾಡಿದ ಕೆಲಸ ದೊಡ್ಡದು. ಆಗ ಉತ್ತರ ಭಾರತದಲ್ಲಿ ಇದ್ದದ್ದು ಸಪೂರ ಕಬ್ಬು, ಚಳಿ ತಡೀತದೆ ಆದ್ರೆ ಇಳುವರಿ ಇಲ್ಲ. ದಕ್ಷಿಣದ ದಪ್ಪ ರಸದ ಕಬ್ಬು ಅಲ್ಲಿಗೆ ಹೋದ್ರೆ ಬದುಕುವುದಿಲ್ಲ. ಇವರು ಎಂತ ಮಾಡಿದ್ರು ಅಂದ್ರೆ ವೆಳ್ಳೈ ಅನ್ನುವ ದಪ್ಪ ಕಬ್ಬನ್ನು ಹೆಣ್ಣಾಗಿ ತಗೊಂಡು, ಹೊಳೆ ದಡದಲ್ಲಿ ಬೆಳೆಯುವ, ಬಿಳಿ ಗರಿ ಬಿಡುವ, ಸಿಹಿಯೇ ಇಲ್ಲದ ಹುಲ್ಲಿನ ಹಾಗಿರುವ ಕಾಡುಕಬ್ಬಿನ ಪರಾಗ ಹಾಕಿದ್ರು. ಹುಟ್ಟಿದ್ದು ಕೋ 205 (ಆಗಿನ ನಂಬರಲ್ಲಿ ವರ್ಷ ಸೇರ್ತಿರ್ಲಿಲ್ಲ, ಬರೀ ಕ್ರಮಸಂಖ್ಯೆ). 1918ರಲ್ಲಿ ಪಂಜಾಬಿನ ಗದ್ದೆಗೆ ಹೋಯ್ತು. ಸಕ್ಕರೆ ತಾಯಿಂದ, ಗಟ್ಟಿತನ ತಂದೆಯಿಂದ. ಭಾರತ ಆಗ ಜಾವಾದಿಂದ ಸಕ್ಕರೆ ತರಿಸ್ತಿದ್ದ ದೇಶ, ಕೋ ತಳಿಗಳು ಬಂದು, 1932ರ ಸಕ್ಕರೆ ಉದ್ಯಮ ರಕ್ಷಣೆಯ ಕಾಯ್ದೆಯೂ ಬಂದು, ಕೆಲವೇ ವರ್ಷಗಳಲ್ಲಿ ಆ ಆಮದು ಬಹುಪಾಲು ನಿಂತುಹೋಯ್ತು.

ಇದರಲ್ಲಿ ಒಂದು ವಿಷಯ ನನಗೆ ತುಂಬ ಆಶ್ಚರ್ಯ. ಸಾಮಾನ್ಯವಾಗಿ ತಾಯಿ ತನ್ನ ಕ್ರೋಮೋಸೋಮಿನ (ಗುಣಗಳನ್ನು ಮಕ್ಕಳಿಗೆ ದಾಟಿಸುವ ಎಳೆಗಳ) ಅರ್ಧ ಕೊಡ್ತಾಳೆ, ತಂದೆ ಅರ್ಧ. ಸಿಹಿ ಕಬ್ಬಿನಲ್ಲಿ 80 ಕ್ರೋಮೋಸೋಮ್, ಕೊಯಮತ್ತೂರಿನ ಕಾಡುಕಬ್ಬಲ್ಲಿ 64. ಲೆಕ್ಕದ ಪ್ರಕಾರ ಮಗುವಿಗೆ 40 ಮತ್ತು 32 ಸೇರಿ 72 ಬರ್ಬೇಕು. ಬರುವುದು 112! ತಾಯಿ ಕಬ್ಬು ತನ್ನದು 80ಕ್ಕೆ 80 ಕೊಟ್ಟುಬಿಡ್ತದೆ. ಹಾಗಾಗಿ ಒಂದೇ ತಲೆಮಾರಿನಲ್ಲಿ ಸಕ್ಕರೆಯ ಪಾಲು ಹೆಚ್ಚಾಗಿ ಸಿಗ್ತದೆ, ಮತ್ತೆ ಇನ್ನೊಮ್ಮೆ ಸಿಹಿ ಕಬ್ಬಿಗೆ ಸೇರಿಸಿದ್ರೆ ಇನ್ನೂ ಮೇಲೆ. ಜಾವಾದ ಡಚ್ಚರು ಇದೇ ದಾರಿಯಲ್ಲಿ ಪಿಓಜೆ 2878 ಅನ್ನುವ ತಳಿ ಮಾಡಿದ್ರು, ಆಮೇಲೆ ಕೊಯಮತ್ತೂರಿನವರು ಅದನ್ನು ಕೋ 290ಗೆ ಸೇರಿಸಿ ಕೋ 419 ಮಾಡಿದ್ರು, ದಕ್ಷಿಣ ಭಾರತವನ್ನು ದಶಕಗಟ್ಟಲೆ ಆಳಿದ ಕಬ್ಬು ಅದು. ಈಗ ಕಾರ್ಖಾನೆಗೆ ಬೆಳೆಯುವ ಹೆಚ್ಚುಕಮ್ಮಿ ಎಲ್ಲ ಕಬ್ಬಿನ ರಕ್ತದಲ್ಲೂ ಆ ಹೊಳೆ ದಡದ ಹುಲ್ಲು ಉಂಟು.

ಇಷ್ಟು ಕ್ರೋಮೋಸೋಮ್ ರಾಶಿ ಬಿದ್ದ ಕಾರಣಕ್ಕೇ ಕಬ್ಬಿನ ಜೀನೋಮ್, ಅಂದ್ರೆ ಅದರ ವಂಶವಾಹಿಯ ಪೂರ್ತಿ ಬರಹ, ಓದ್ಲಿಕ್ಕೆ ವಿಜ್ಞಾನಿಗಳು ತುಂಬ ಒದ್ದಾಡಿದ್ರು. ಆರ್570 ಅನ್ನುವ ತಳಿಯ ಪೂರ್ಣ ಓದು ಪ್ರಕಟ ಆದದ್ದು 2024ರಲ್ಲಿ. ಸುಮಾರು 1000 ಕೋಟಿ ಅಕ್ಷರ, ಮನುಷ್ಯನದ್ದಕ್ಕಿಂತ ಮೂರು ಪಟ್ಟು. ಭತ್ತದ್ದು 2002ರಲ್ಲೇ ಕರಡು ಬಂದಿತ್ತು. ಅಂದ್ರೆ ಭತ್ತದವರಿಗೆ ಎರಡು ದಶಕದಿಂದ ಇದ್ದ ಸಲಕರಣೆ ಕಬ್ಬಿನವರ ಕೈಗೆ ಈಗಷ್ಟೇ ಬರ್ತಾ ಉಂಟು. ಅಲ್ಲಿವರೆಗೂ ಕಣ್ಣು, ನಾಲಿಗೆ, ರಸದ ಸಿಹಿ ಅಳೆಯುವ ಒಂದು ರಿಫ್ರಾಕ್ಟೋಮೀಟರ್, ಮತ್ತೆ ತಾಳ್ಮೆ, ಇದರಲ್ಲೇ ಕೆಲಸ.

ಆ ಕೆಲಸ ಹೇಗೆ ಅಂದ್ರೆ, ಅಕ್ಟೋಬರ್ ನವೆಂಬರಲ್ಲಿ ಹೂ ಬಂದಾಗ ಪರಾಗಕೋಶ ತೆಗೆದು ಅಯೋಡಿನ್ ಹಾಕಿ ನೋಡ್ತಾರೆ. ಕಪ್ಪಗೆ ಬಣ್ಣ ಹಿಡಿದ್ರೆ ಪರಾಗ ಜೀವಂತ, ಅದು ಗಂಡಾಗಿ ಆಗ್ತದೆ. ಬಣ್ಣ ಹಿಡಿಯದಿದ್ರೆ ಅದನ್ನು ಹೆಣ್ಣಾಗಿ ಉಪಯೋಗ ಮಾಡ್ತಾರೆ. ಎರಡನ್ನು ಒಟ್ಟಿಗೆ ಕಟ್ಟಿ ಬಟ್ಟೆಯ ಗೂಡು ಮುಚ್ಚಿ ಬೇರೆ ಪರಾಗ ಬಾರದ ಹಾಗೆ ಮಾಡ್ತಾರೆ. ತಿಂಗಳು ಕಳೆದ ಮೇಲೆ ಹತ್ತಿಯ ಹಾಗೆ ಹಾರುವ ನಯವಾದ ಬೀಜ, ಒಂದು ಗ್ರಾಮಲ್ಲಿ ನೂರಾರು. ತಟ್ಟೆಯಲ್ಲಿ ಹರಡಿದ್ರೆ ಹುಲ್ಲಿನ ಹಾಗೆ ಮೊಳಕೆ. ಸಾವಿರಗಟ್ಟಲೆ ಸಸಿಗಳನ್ನು ನೆಲಕ್ಕೆ ನೆಟ್ಟು, ಒಂದು ವರ್ಷ ಕಾದು, ದಪ್ಪ ಇಲ್ಲದ್ದು, ಬೀಳುವಂಥದ್ದು, ಟೊಳ್ಳಿದ್ದದ್ದು, ರೋಗ ಬಂದದ್ದು ಎಲ್ಲ ತೆಗೆದು ಹಾಕಿ, ಉಳಿದದ್ದನ್ನು ತುಂಡು ಮಾಡಿ ಸಾಲಾಗಿ ನೆಟ್ಟು, ಮತ್ತೆ ಆರಿಸಿ, ಮತ್ತೆ ನೆಟ್ಟು, ಆಮೇಲೆ ಅಖಿಲ ಭಾರತ ಸಂಯೋಜಿತ ಕಬ್ಬು ಯೋಜನೆಯಲ್ಲಿ ಬೇರೆ ಬೇರೆ ಊರಿನ ಕೇಂದ್ರಗಳಿಗೆ ಕಳಿಸಿ, ಅಲ್ಲಿ ಎರಡು ನಾಟಿ ಬೆಳೆ, ಕಡಿದ ಬುಡದಿಂದ ಮತ್ತೆ ಚಿಗುರುವ ಒಂದು ಕೂಳೆ ಬೆಳೆ ನೋಡಿ, ಇದೆಲ್ಲ ಆಗುವಾಗ ಹನ್ನೆರಡು ಹದಿನಾಲ್ಕು ವರ್ಷ. ಕೂಳೆ ಯಾಕೆ ಮುಖ್ಯ ಅಂದ್ರೆ ರೈತ ಒಮ್ಮೆ ನೆಟ್ಟದ್ದರಿಂದ ಎರಡು ಮೂರು ಸಲ ಕಡೀತಾನೆ, ಮೊದಲ ವರ್ಷ ಚೆಂದ ಬಂದು ಎರಡನೇ ವರ್ಷ ಚಿಗುರದ ಕಬ್ಬು ಅವನಿಗೆ ನಷ್ಟ.

ರಿಫ್ರಾಕ್ಟೋಮೀಟರ್ ಹೇಳಿದ್ನಲ್ಲ, ಅದು ಮಾವನ ಹತ್ರ ಈಗ ಒಂದುಂಟು, ಕೈಯಲ್ಲಿ ಹಿಡಿಯುವ ಪುಟ್ಟ ದುರ್ಬೀನಿನಂಥದ್ದು. ಮನೆ ಹಿಂದೆ ಚೌತಿಗೆ ಅಂತ ಬೆಳೆದ ಕಬ್ಬಿನ ಬುಡದ ಗಿಣ್ಣಿನ ಮೇಲೆ ಚುಚ್ಚಿ ರಸದ ಒಂದು ಹನಿ ಗಾಜಿನ ಮೇಲೆ ಬಿಟ್ಟು ಮುಚ್ಚಳ ಹಾಕಿ ಬೆಳಕಿಗೆ ಹಿಡಿದ್ರೆ ಒಳಗೆ ನೀಲಿ ಬಿಳಿ ಗೆರೆ ಕಾಣ್ತದೆ, ಅದು ಎಲ್ಲಿ ನಿಂತಿತೋ ಅದೇ ಬ್ರಿಕ್ಸ್, ಅಂದ್ರೆ ರಸದ ಸಿಹಿಯ ಅಳತೆ. ಬುಡದಲ್ಲಿ 16 ಬಂತು. ತುದಿಯದ್ದು 8. ಬುಡ ಮತ್ತು ತುದಿ ಹತ್ತಿರ ಹತ್ತಿರ ಬಂದಾಗ ಕಬ್ಬು ಹಣ್ಣಾಯ್ತು ಅಂತ ಲೆಕ್ಕ, ಸೆಪ್ಟೆಂಬರಲ್ಲಿ ಅದು ಇನ್ನೂ ದೂರ. ಒಂದು ಹನಿಯಲ್ಲಿ ಇಡೀ ಗದ್ದೆಯ ಸ್ಥಿತಿ ಹೇಳುವ ಆ ಸಾಧನ ನೋಡಿ ನನಗೆ ಬಹಳ ಖುಷಿ ಆಯ್ತು, ಮಾವನಿಗೂ.

ಈಗ ವಿಷಯದ ತಿರುಳಿಗೆ ಬರ್ತೇನೆ. ಸಕ್ಕರೆಗೆ ಒಳ್ಳೆದಾದ ಕಬ್ಬು ಮತ್ತು ಎಥನಾಲಿಗೆ ಒಳ್ಳೆದಾದ ಕಬ್ಬು ಒಂದೇ ಆಗ್ಬೇಕು ಅಂತಿಲ್ಲ.

ಸಕ್ಕರೆ ಕಾರ್ಖಾನೆಗೆ ಬೇಕಾದ್ದು ಸುಕ್ರೋಸ್ ಮಾತ್ರ, ಅದೊಂದೇ ಹರಳು ಕಟ್ಟುವುದು. ರಸದಲ್ಲಿ ಗ್ಲೂಕೋಸ್, ಫ್ರುಕ್ಟೋಸ್ ಜಾಸ್ತಿ ಇದ್ರೆ ಅವು ಹರಳು ಆಗ್ಲಿಕ್ಕೆ ಅಡ್ಡ ಬರ್ತವೆ, ಅದೆಲ್ಲ ಕಾಕಂಬಿಗೆ, ಅಂದ್ರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ, ಹೋಗ್ತದೆ. ಹಾಗಾಗಿ ನೂರು ವರ್ಷದಿಂದ ತಳಿ ಮಾಡಿದವರು ಹುಡುಕಿದ್ದು ಶುದ್ಧ ರಸ, ಹೆಚ್ಚು ಸುಕ್ರೋಸ್, ಬೇಗ ಹಣ್ಣಾಗುವುದು. ಎಥನಾಲ್ ಮಾಡುವ ಯೀಸ್ಟಿಗೆ ಈ ಭೇದ ಇಲ್ಲ. ಸುಕ್ರೋಸ್, ಗ್ಲೂಕೋಸ್, ಫ್ರುಕ್ಟೋಸ್ ಮೂರೂ ಅದು ತಿಂತದೆ. ಅಲ್ಲಿ ಲೆಕ್ಕ ಎಕರೆಗೆ ಒಟ್ಟು ಎಷ್ಟು ಸಿಹಿ ಬಂತು ಅನ್ನುವುದು. ಕಡಿದ ಕಬ್ಬು ಎರಡು ದಿನ ಬಿಸಿಲಲ್ಲಿ ಬಿದ್ರೆ ಸುಕ್ರೋಸ್ ಒಡೆದು ಗ್ಲೂಕೋಸ್ ಫ್ರುಕ್ಟೋಸ್ ಆಗ್ತದೆ, ಸಕ್ಕರೆಯವರಿಗೆ ಅದು ದೊಡ್ಡ ನಷ್ಟ, ಎಥನಾಲ್ ಮಾಡುವ ಡಿಸ್ಟಿಲರಿಗೆ ಅಷ್ಟು ಇಲ್ಲ, ತೂಕ ಒಣಗಿ ಹೋಗುವುದು ಮತ್ತು ಹುಳಿಯಾಗುವುದು ಇಬ್ರಿಗೂ ನಷ್ಟವೇ.

ಸ್ವಲ್ಪ ಲೆಕ್ಕ ನೋಡುವ. ಒಂದು ಟನ್ ಕಬ್ಬಿಂದ ಹತ್ತತ್ರ 100 ಕೆಜಿ ಸಕ್ಕರೆ, ಅದರ ಜೊತೆ ಉಳಿಯುವ ಕಾಕಂಬಿಂದ ಸುಮಾರು 10 ಲೀಟರ್ ಎಥನಾಲ್. ಸಕ್ಕರೆ ಬೇಡ, ರಸವನ್ನೇ ನೇರವಾಗಿ ಹುದುಗಿಸ್ತೇವೆ ಅಂದ್ರೆ ಸುಮಾರು 70 ಲೀಟರ್. 2018ರ ಜೈವಿಕ ಇಂಧನ ನೀತಿ ಬಂದ ಮೇಲೆ ಕಬ್ಬಿನ ರಸ ಮತ್ತು ಸಕ್ಕರೆ ಅಂಶ ಹೆಚ್ಚು ಬಿಟ್ಟ ಕಾಕಂಬಿಂದ ಎಥನಾಲ್ ಮಾಡುವ ದಾರಿ ತೆರೆಯಿತು. ಡಿಸ್ಟಿಲರಿಗಳು ಎದ್ದವು. 2023ರ ಡಿಸೆಂಬರಲ್ಲಿ ಮಳೆ ಕಡಿಮೆ ಆಗಿ ಸಕ್ಕರೆ ಸಾಲದು ಅಂತ ಕಬ್ಬಿನ ರಸದ ಎಥನಾಲಿಗೆ ಕಡಿವಾಣ ಬಿತ್ತು, 2024ರ ಆಗಸ್ಟಲ್ಲಿ ಮುಂದಿನ ವರ್ಷಕ್ಕೆ ಅದನ್ನು ತೆಗೆದ್ರು. ಈ ನಡುವೆ ಮೆಕ್ಕೆಜೋಳ ಮುಂದೆ ಬಂತು, ಈಗ ಎಥನಾಲಲ್ಲಿ ಅದರದ್ದೇ ದೊಡ್ಡ ಪಾಲು. ನೀತಿ ಒಂದು ಆದೇಶದಲ್ಲಿ ಆಚೆ ಈಚೆ ಆಗ್ತದೆ, ತಳಿಗೆ ಹದಿನಾಲ್ಕು ವರ್ಷ ಬೇಕು. ಇವತ್ತು ಕ್ರಾಸ್ ಮಾಡುವ ಕೈಗೆ 2040ರಲ್ಲಿ ಲೋಕ ಸಕ್ಕರೆ ಕೇಳ್ತದಾ ಇಂಧನ ಕೇಳ್ತದಾ ಅಂತ ಗೊತ್ತಿಲ್ಲದೆ ತೀರ್ಮಾನ ಮಾಡ್ಬೇಕು. ಆ ಕೆಲಸ ಮಾಡುವವರ ಬಗ್ಗೆ ನನಗೆ ತುಂಬ ಗೌರವ.

ಬ್ರೆಜಿಲಿನವರು ಈ ಪ್ರಶ್ನೆ ನಮಗಿಂತ ಮೊದಲೇ ಎದುರಿಸಿದ್ರು. 1975ರಲ್ಲಿ ಪ್ರೋಆಲ್ಕೂಲ್ ಯೋಜನೆ ಶುರು ಮಾಡಿ ತಳಿ, ಕಾರ್ಖಾನೆ, ಕಾರು ಮೂರನ್ನೂ ಒಟ್ಟಿಗೆ ಕಟ್ಟಿದ್ರು, ಅಲ್ಲಿಯ ಎಷ್ಟೋ ಕಾರ್ಖಾನೆಗಳು ಬೆಲೆ ನೋಡಿ ಸಕ್ಕರೆ ಎಷ್ಟು ಎಥನಾಲ್ ಎಷ್ಟು ಅಂತ ಆ ವರ್ಷವೇ ಬದಲಾಯಿಸ್ತಾರೆ. ಇನ್ನೊಂದು ದಾರಿಯೂ ಉಂಟು, ಅದಕ್ಕೆ ಎನರ್ಜಿ ಕೇನ್ ಅಂತಾರೆ. ಕಾಡುಕಬ್ಬಿನ ಪಾಲು ಬೇಕಂತಲೇ ಹೆಚ್ಚು ಇಟ್ಟು ಮಾಡಿದ ಕಬ್ಬು, ಸಿಹಿ ಕಡಿಮೆ, ನಾರು ಜಾಸ್ತಿ, ಎಕರೆಗೆ ತೂಕ ಜಾಸ್ತಿ, ಬಡ ಮಣ್ಣಲ್ಲೂ ಬರ್ತದೆ, ಕೂಳೆ ಹಲವು ವರ್ಷ ಚಿಗುರ್ತದೆ. ಅದರ ಸಿಪ್ಪೆಯನ್ನು ಉರಿಸಿ ಕರೆಂಟ್ ಮಾಡ್ಬಹುದು, ನಾರಿಂದಲೇ ಎಥನಾಲ್ ತೆಗೆಯುವ ಎರಡನೇ ತಲೆಮಾರಿನ ತಂತ್ರಜ್ಞಾನಕ್ಕೂ ಆಗ್ತದೆ. ಆದ್ರೆ ಅಂಥ ಕಬ್ಬು ಹಾಕಿ ಫ್ಯಾಕ್ಟರಿ ನಿಂತ್ರೆ ರೈತ ಅದನ್ನು ಎಂತ ಮಾಡುವುದು? ಬೆಲ್ಲ ಆಗುವುದಿಲ್ಲ, ಜಗೀಲಿಕ್ಕೆ ಹಲ್ಲು ಸಾಲದು.

ನಾರಿನ ವಿಷಯ ನಮ್ಮವರಿಗೆ ಹೇಳ್ಲೇ ಬೇಕಾಗಿಲ್ಲ. ಮಂಗಳೂರಲ್ಲಿ ಚೌತಿ ಮತ್ತು ಕ್ರೈಸ್ತರ ಮೊಂತಿ ಫೆಸ್ತ್ (ಮೇರಿ ಮಾತೆಯ ಹುಟ್ಟುಹಬ್ಬ) ಹತ್ರ ಹತ್ರ ಬರ್ತದೆ, ಸೆಪ್ಟೆಂಬರ್ 8ಕ್ಕೆ ಚರ್ಚಲ್ಲಿ ಹೂ ಹಾಕಿದ ಮಕ್ಕಳಿಗೆ ಕಬ್ಬು ಕೊಡ್ತಾರೆ, ಗಣಪತಿ ಮಂಟಪಕ್ಕೂ ಕಬ್ಬೇ ಬೇಕು, ಮತ್ತೆ ತುಳಸಿ ಪೂಜೆಗೆ. ಆ ಕಬ್ಬು ಮೆತ್ತಗೆ ಇರ್ಬೇಕು, ಸಿಪ್ಪೆ ಹಲ್ಲಲ್ಲಿ ಸುಲಿಯಲಿಕ್ಕೆ ಬರ್ಬೇಕು. ಕಾರ್ಖಾನೆಗೆ ಹಾಗಲ್ಲ, ಕಬ್ಬಿನ ತೂಕದ ಮೂರರಲ್ಲೊಂದು ಪಾಲಿನಷ್ಟು ಬರುವ ಒದ್ದೆ ಸಿಪ್ಪೆಯೇ ಅದರ ಬಾಯ್ಲರಿಗೆ ಸೌದೆ. ತೀರಾ ಮೆತ್ತಗಿದ್ರೆ ಗಾಳಿಗೆ ಬೀಳ್ತದೆ, ಹುಳ ಕೊರೀತದೆ, ಹಂದಿಗಂತೂ ಹಬ್ಬ. ತೀರಾ ಗಟ್ಟಿ ಇದ್ರೆ ಗಾಣದಲ್ಲಿ ರಸ ಸಿಪ್ಪೆಯಲ್ಲೇ ಉಳೀತದೆ.

ಈಗ ನಮ್ಮ ಕರಾವಳಿ. ಇಲ್ಲಿ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲಿ ಬಹುಪಾಲು ಜೂನಿಂದ ಸೆಪ್ಟೆಂಬರ್. ಕಬ್ಬು ಜೋರು ಬೆಳೆಯಬೇಕಾದ ಸಮಯಕ್ಕೇ ಮೋಡ, ಬಿಸಿಲಿಲ್ಲ, ಬುಡದಲ್ಲಿ ನೀರು. ಆಮೇಲೆ ಹಣ್ಣಾಗುವ ಸಮಯಕ್ಕೆ ಕಬ್ಬಿಗೆ ಬೇಕಾದ್ದು ಒಣ ಹವೆ ಮತ್ತು ತಂಪು ರಾತ್ರಿ, ಬೆಳಗಾವಿ ಬಾಗಲಕೋಟೆಯಲ್ಲಿ ಅದು ಸಿಗ್ತದೆ, ಸಮುದ್ರದ ಬದಿ ನಮಗೆ ಡಿಸೆಂಬರಲ್ಲೂ ಬೆವರು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಸುಕ್ರೋಸ್ ತುಂಬುವುದು ಕಷ್ಟ. ನನ್ನ ಅಂದಾಜು ಎಂತ ಅಂದ್ರೆ, ಸಕ್ಕರೆ ಲೆಕ್ಕದಲ್ಲಿ ನಾವು ಘಟ್ಟದ ಮೇಲಿನವರ ಜೊತೆ ಯಾವತ್ತೂ ಪೈಪೋಟಿ ಮಾಡ್ಲಿಕ್ಕೆ ಆಗ್ಲಿಕ್ಕಿಲ್ಲ, ಆದ್ರೆ ಒಟ್ಟು ಸಿಹಿ ನೋಡುವ ಎಥನಾಲ್ ಅಥವಾ ಬೆಲ್ಲದ ಲೆಕ್ಕದಲ್ಲಿ ಸ್ವಲ್ಪ ಜಾಗ ಉಂಟು. ಸ್ವಲ್ಪ ಅಂತ ಹೇಳಿದ್ದು ಯಾಕಂದ್ರೆ ಬೇಸಿಗೆಯ ನೀರು. ನೀತಿ ಆಯೋಗದ 2021ರ ವರದಿಯಲ್ಲೇ ಕಬ್ಬಿನ ಒಂದು ಲೀಟರ್ ಎಥನಾಲಿಗೆ ಸುಮಾರು 2860 ಲೀಟರ್ ನೀರು ಅಂತ ಉಂಟು. ನಮ್ಮಲ್ಲಿ ಮಳೆ ಧಾರಾಳ ಹೌದು, ಆದ್ರೆ ಮಾರ್ಚ್ ಏಪ್ರಿಲಲ್ಲಿ ಬಾವಿಯ ತಳ ಕಾಣುವ ಮನೆಗಳು ಕಡಿಮೆಯಾ?

ತೊಂದರೆ ಎಲ್ಲಿ ಅಂದ್ರೆ ಕಬ್ಬಿನ ಪರೀಕ್ಷೆಗೆ ನಮ್ಮ ಕರಾವಳಿಗೆ ಅಂತ ಬೇರೆ ವಲಯ ಇಲ್ಲ. ತಳಿ ಪರೀಕ್ಷೆಗೆ ದೇಶವನ್ನು ವಲಯ ಮಾಡಿದ್ದಾರೆ, ಪೂರ್ವ ಕರಾವಳಿಗೆ ಅದರದ್ದೇ ವಲಯ ಉಂಟು, ನಾವು ಮಾತ್ರ ಮಂಡ್ಯ, ಸಂಕೇಶ್ವರ, ಪುಣೆ ಎಲ್ಲ ಸೇರಿದ ದೊಡ್ಡ ಪರ್ಯಾಯದ್ವೀಪ ವಲಯದಲ್ಲಿ. ಮಂಡ್ಯದ ವಿ.ಸಿ. ಫಾರ್ಮಿನವರು ಒಳ್ಳೆ ತಳಿ ಕೊಟ್ಟಿದ್ದಾರೆ, ಕೊವಿಸಿ 99463, ವಿಸಿಎಫ್ 0517 ಎಲ್ಲ ಅಲ್ಲಿಯವೇ, ಆದ್ರೆ ಅವು ನಾಲೆ ನೀರು ಮತ್ತು ಒಳ್ಳೆ ಬಿಸಿಲಿನ ಊರಿನ ಆಯ್ಕೆ. ನಮ್ಮ ತಗ್ಗಿನ ಬೈಲು ಗದ್ದೆಗೆ ಅವು ಹೇಗೆ ಅಂತ ಕಾಗದ ನೋಡಿ ಹೇಳ್ಲಿಕ್ಕೆ ಬರುವುದಿಲ್ಲ. ಕೇರಳದವರು ಇದರಲ್ಲಿ ನಮಗಿಂತ ಮುಂದೆ, ತಿರುವಲ್ಲದಲ್ಲಿ ಕಬ್ಬಿನ ಸಂಶೋಧನಾ ಕೇಂದ್ರ ಇಟ್ಟು ಪಂಪಾ ನದಿಯ ಬದಿಯ ತಗ್ಗು ಗದ್ದೆಗೆ ಅಂತ ಮಾಧುರಿ ಮುಂತಾದ ತಳಿ ಮಾಡಿದ್ರು, ಅಲ್ಲಿಯ ಮಧ್ಯ ತಿರುವಾಂಕೂರು ಬೆಲ್ಲಕ್ಕೆ ಜಿಐ (ಭೌಗೋಳಿಕ ಗುರುತಿನ) ಮಾನ್ಯತೆಯೂ ಉಂಟು. ಅವರ ಹವೆ ನಮ್ಮ ಹವೆ ಹೆಚ್ಚುಕಮ್ಮಿ ಒಂದೇ.

ಮತ್ತೆ ಕೇರಳ ಅಂದ್ರೆ ಇನ್ನೊಂದು ವಿಷಯ ಹೇಳದೆ ಹೋಗ್ಲಿಕ್ಕೆ ಮನಸ್ಸಿಲ್ಲ. ಮಂಗಳೂರು ಸೆಂಟ್ರಲಿಂದ ರೈಲು ಹತ್ತಿ ಕಣ್ಣೂರಿಗೆ ಹೋದ್ರೆ ಅಲ್ಲಿ ಕೊಯಮತ್ತೂರು ಸಂಸ್ಥೆಯ ಒಂದು ಕೇಂದ್ರ ಉಂಟು. ಲೋಕದ ಕಬ್ಬಿನ ಸಂಗ್ರಹ ಇರುವುದು ಎರಡೇ ಕಡೆ, ಒಂದು ಅಮೆರಿಕದ ಫ್ಲೋರಿಡಾದಲ್ಲಿ, ಇನ್ನೊಂದು ಈ ಕಣ್ಣೂರಲ್ಲಿ. ನ್ಯೂಗಿನಿಯ ಕಡುನೇರಳೆ, ಪಟ್ಟೆಪಟ್ಟೆಯ ಕಬ್ಬುಗಳಿಂದ ಹಿಡಿದು ಹಳೆ ಭಾರತದ ಸಪೂರ ಕಬ್ಬಿನವರೆಗೆ. ಬೀಜ ಡಬ್ಬಿಯಲ್ಲಿ ತುಂಬಿಸಿ ಫ್ರಿಜ್ಜಲ್ಲಿ ಇಟ್ರೆ ಆಗುವುದಿಲ್ಲ, ಯಾಕಂದ್ರೆ ಬೀಜದಿಂದ ಅದೇ ಗಿಡ ಬರುವುದಿಲ್ಲ ಅಂತ ಮೊದ್ಲೇ ಹೇಳಿದ್ನಲ್ಲ, ಹಾಗಾಗಿ ಅಷ್ಟನ್ನೂ ಮತ್ತೆ ಮತ್ತೆ ನೆಟ್ಟು ಜೀವಂತ ಕಾಪಾಡ್ಬೇಕು. ಯಾರಿಗೂ ಇವತ್ತು ಬೇಡದ ಕಬ್ಬುಗಳು, ಹೊಸ ರೋಗ ಬಂದಾಗ ತಡೆಯುವ ಗುಣ ಹುಡುಕುವುದು ಅಲ್ಲಿಂದಲೇ. ಅದೇ ದಾರಿಯಲ್ಲಿ ಸ್ವಲ್ಪ ಮುಂದೆ ತಲಶ್ಶೇರಿ, ಇ.ಕೆ. ಜಾನಕಿ ಅಮ್ಮಾಳ್ ಹುಟ್ಟಿದ ಊರು. 1930ರ ದಶಕದಲ್ಲಿ ಕೊಯಮತ್ತೂರಲ್ಲಿ ಕೂತು ಕಬ್ಬಿನ ಕ್ರೋಮೋಸೋಮ್ ಎಣಿಸಿದವರು, ಕಬ್ಬನ್ನು ಮೆಕ್ಕೆಜೋಳಕ್ಕೆ ಕ್ರಾಸ್ ಮಾಡಿ ಗಿಡ ಬರಿಸಿ ತೋರಿಸಿದವರು. ಹೆಂಗಸು ಅಂತ, ಜಾತಿ ಅಂತ ಎಷ್ಟು ಅಡ್ಡಿ ಇದ್ದ ಕಾಲ ಅದು. ಸಸ್ಯಶಾಸ್ತ್ರ ಓದುವ ನಮ್ಮ ಮಕ್ಕಳಿಗೆ ಅವರ ಹೆಸರು ಗೊತ್ತಿರ್ಬೇಕು ಅಂತ ನನ್ನ ಆಸೆ.

ರೋಗ ಹೇಳಿದೆ, ಅದು ಸಣ್ಣ ವಿಷಯ ಅಲ್ಲ. ಕೋ 0238 ಅನ್ನುವ ತಳಿ, ಹರಿಯಾಣದ ಕರ್ನಾಲ್ ಕೇಂದ್ರದಲ್ಲಿ ವಿಜ್ಞಾನಿ ಬಕ್ಷಿ ರಾಮ್ ಅವರು ಮಾಡಿದ್ದು, 2009ರಲ್ಲಿ ಬಿಡುಗಡೆ. ಉತ್ತರ ಪ್ರದೇಶದ ಸಕ್ಕರೆ ರಿಕವರಿ (ಕಬ್ಬಿನ ತೂಕದಲ್ಲಿ ಸಿಗುವ ಸಕ್ಕರೆಯ ಪಾಲು) 9 ಪರ್ಸೆಂಟ್ ಆಸುಪಾಸಿಂದ 11 ದಾಟಿತು, ರೈತರ ಕೈಯಲ್ಲಿ ದುಡ್ಡು ಓಡಾಡಿತು, ಅವರಿಗೆ ಪದ್ಮಶ್ರೀಯೂ ಬಂತು, ಬರ್ಲೇಬೇಕಿತ್ತು. ಆದ್ರೆ ಆ ರಾಜ್ಯದ ಕಬ್ಬಿನ ಶೇಕಡಾ 80ಕ್ಕಿಂತ ಹೆಚ್ಚು ಜಾಗ ಒಂದೇ ತಳಿ ಆಯ್ತು. ಒಂದೇ ತಳಿ ಅಂದ್ರೆ ಒಂದೇ ಗಿಡ. ಕೆಂಪು ಕೊಳೆ ರೋಗದ ಶಿಲೀಂಧ್ರ ಆ ಒಂದು ಗಿಡದ ಬೀಗ ಮುರಿಯಲಿಕ್ಕೆ ಕಲಿತದ್ದೇ ತಡ, ಗದ್ದೆ ಗದ್ದೆಯೇ ಒಣಗಿತು, ಈಗ ಸರಕಾರವೇ ಅದನ್ನು ಬಿಡಿ, ಬೇರೆ ತಳಿ ಹಾಕಿ ಅಂತ ಹೇಳ್ತಾ ಉಂಟು. ಇದು ಮೊದಲ ಸಲ ಅಲ್ಲ, 1938ರ ನಂತರದ ವರ್ಷಗಳಲ್ಲಿ ಬಿಹಾರ, ಉತ್ತರ ಪ್ರದೇಶದಲ್ಲಿ ಕೋ 213 ಇದೇ ರೋಗಕ್ಕೆ ನೆಲ ಕಚ್ಚಿತ್ತು. ರೋಗ ಬಂದ ಕಬ್ಬನ್ನು ಉದ್ದಕ್ಕೆ ಸೀಳಿದ್ರೆ ಒಳಗೆ ಕೆಂಪು, ಮಧ್ಯೆ ಮಧ್ಯೆ ಅಡ್ಡಕ್ಕೆ ಬಿಳಿ ಮಚ್ಚೆ, ಹುಳಿ ಹೆಂಡದ ವಾಸನೆ. ಒಮ್ಮೆ ಬಂದ್ರೆ ಔಷಧಿ ಹೊಡೆದು ಉಳಿಸ್ಲಿಕ್ಕೆ ಆಗುವುದಿಲ್ಲ. ಹರಡುವುದು ರೋಗದ ತುಂಡು ನೆಟ್ಟು, ಮತ್ತೆ ಗದ್ದೆಯಿಂದ ಗದ್ದೆಗೆ ಹರಿಯುವ ನೀರಲ್ಲಿ. ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವ ನಮ್ಮ ಊರಲ್ಲಿ ಇದರ ಅರ್ಥ ಎಂತ ಅಂತ ಕೃಷಿಕರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ.

ಹಾಗಾಗಿ ನನ್ನನ್ನು ಕೇಳಿದ್ರೆ ಕರಾವಳಿಗೆ ತಳಿ ಆರಿಸುವಾಗ ಮೊದಲು ಕೆಂಪು ಕೊಳೆ ತಡೆಯುವ ಶಕ್ತಿ, ಆಮೇಲೆ ನೀರು ನಿಂತದ್ದನ್ನು ತಡೆಯುವುದು, ಅದಾದ ಮೇಲೆ ತೂಕ, ಸಿಹಿಯ ಲೆಕ್ಕ ಕೊನೆಗೆ. ಬರೀ ಎಥನಾಲಿಗೆ ಮಾತ್ರ ಆಗುವ ನಾರಿನ ಕಬ್ಬು ಬೇಡ. ಆಲೆಮನೆಯಲ್ಲಿ ಬೆಲ್ಲಕ್ಕೂ ಆಗ್ಬೇಕು, ನಾಳೆ ಡಿಸ್ಟಿಲರಿ ಬಂದ್ರೆ ಅದಕ್ಕೂ ಆಗ್ಬೇಕು, ಯಾಕಂದ್ರೆ ಮುಚ್ಚಿದ ಬಾಗಿಲಿನ ಎದುರು ಕಡಿದ ಕಬ್ಬು ಹಿಡ್ಕೊಂಡು ನಿಲ್ಲುವ ಸ್ಥಿತಿ ರೈತನಿಗೆ ಬರ್ಬಾರ್ದು. ಒಂದೇ ತಳಿ ಇಡೀ ಊರಿಗೆ ಹಾಕುವುದೂ ಬೇಡ, ಕಡಿಮೆ ಅಂದ್ರೆ ಮೂರು. ಮತ್ತೆ ಬ್ರಹ್ಮಾವರದಲ್ಲೇ ಕೃಷಿ ಸಂಶೋಧನಾ ಕೇಂದ್ರ ಉಂಟು, ಭತ್ತಕ್ಕೆ ಅಷ್ಟೆಲ್ಲ ಕೆಲಸ ಮಾಡಿದ ಜಾಗ, ಅಲ್ಲಿ ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಮೂರೂ ತರದ ಗದ್ದೆಯಲ್ಲಿ ನಾಲ್ಕಾರು ತಳಿ ಹಾಕಿ ಎರಡು ನಾಟಿ ಒಂದು ಕೂಳೆ ನೋಡಿದ್ರೆ ಮೂರು ನಾಲ್ಕು ವರ್ಷದಲ್ಲಿ ಉತ್ತರ ಸಿಗ್ತದೆ. ಫ್ಯಾಕ್ಟರಿಗೆ ಖರ್ಚು ಮಾಡುವ ದುಡ್ಡಿನ ಎದುರು ಅದು ಏನೂ ಅಲ್ಲ. ಹೊಸ ತಳಿ ಹುಟ್ಟಿಸ್ಲಿಕ್ಕೆ ಹದಿನಾಲ್ಕು ವರ್ಷ ಕಾಯುವ ಅಗತ್ಯವೂ ಇಲ್ಲ, ಹುಟ್ಟಿದ್ದರಲ್ಲಿ ನಮ್ಮದು ಯಾವುದು ಅಂತ ನೋಡಿದ್ರೆ ಸಾಕು.

ಮಾವ ಕಾಯುವ ಜನ ಅಲ್ಲ. ಉದ್ದು ಹಾಕುವ ಮಜಲು ಗದ್ದೆಯ ಒಂದು ಮೂಲೆ ಈ ಸಲ ಕಬ್ಬಿಗೆ ಬಿಡ್ತಾರಂತೆ. ಸಂಶೋಧನಾ ಕೇಂದ್ರದಿಂದಲೇ ರೋಗ ಇಲ್ಲದ ಒಂಟಿ ಕಣ್ಣಿನ ತುಂಡು ತರ್ಬೇಕು, ಸಿಕ್ಕಿದ ಕಡೆಯಿಂದ ಗೋಣಿಯಲ್ಲಿ ತುಂಬಿಸಿ ತರುವುದು ಬೇಡ ಅಂತ ನಾನು ಹೇಳಿದೆ, ಅವರೂ ಒಪ್ಪಿದ್ರು. ಟ್ರೇಯಲ್ಲಿ ತೆಂಗಿನ ನಾರಿನ ಪುಡಿ ತುಂಬಿ ಸಸಿ ಮಾಡಿ, ಕೋ 86032 ಒಂದು ಸಾಲು, ವಿಸಿಎಫ್ 0517 ಒಂದು ಸಾಲು, ಸಿಕ್ಕಿದ್ರೆ ತಿರುವಲ್ಲದ್ದು ಒಂದು ಸಾಲು, ಪಕ್ಕದಲ್ಲಿ ನಮ್ಮ ಚೌತಿಯ ಕಬ್ಬೂ ಇರ್ಲಿ ಅಂದ್ರು. ಪುಸ್ತಕದಲ್ಲಿ ಬರೆದಿಡುವ ಕೆಲಸ ನಂದು. ಆಟಿ ಮುಗಿದ ಮೇಲೆ ಯಾವ ಸಾಲಲ್ಲಿ ಎಷ್ಟು ಬುಡ ನಿಂತಿತು, ಸೀಳಿ ನೋಡಿದ್ರೆ ಒಳಗೆ ಕೆಂಪು ಉಂಟಾ ಇಲ್ವಾ, ಡಿಸೆಂಬರ್ ಕೊನೆಗೆ ಬುಡದ ಬ್ರಿಕ್ಸ್ ಎಷ್ಟು ತುದಿಯದ್ದು ಎಷ್ಟು, ಮತ್ತೆ ಕಡಿದ ಮೇಲೆ ಕೂಳೆ ಹೇಗೆ ಚಿಗುರಿತು. ಕೂಳೆಯದ್ದು ನೋಡದೆ ಯಾವ ತಳಿಗೂ ಹೌದು ಹೇಳ್ಬೇಡ ಅಂತ ಮಾವ ಈಗಲೇ ಹೇಳಿ ಆಗಿದೆ.